ಸ್ಲ್ಯಾಬ್ ಹಾಕಿದ ಮೇಲೆ ಬಂದ ಉತ್ತರ

ಹೋದ ಬೇಸಿಗೆಯಲ್ಲಿ ನಮ್ಮ ಕಾಕಾ ಲಿಂಗಸುಗೂರಿನಲ್ಲಿ ಮನೆ ಕಟ್ಟಿಸ್ತಿದ್ರು. "ಎಂಜಿನಿಯರಿಂಗ್ ಓದಾಕತ್ತೀಯಲ್ಲ, ಮನಿ ತಂಪಿರಬೇಕಂದ್ರ ಏನ್ ಮಾಡಬೇಕು ಹೇಳು" ಅಂದ್ರು. ಪ್ರಾಜೆಕ್ಟ್ ಮನೆಬಾಗಿಲಿಗೇ ಬಂತು ಅಂತ ನನಗೆ ಖುಷಿ. ಎನರ್ಜಿಪ್ಲಸ್ ಪುಕ್ಕಟೆ ಸಿಗುತ್ತೆ. ಇಶ್ರೇ ಸಂಸ್ಥೆಯ ಹವಾಮಾನ ಫೈಲ್‌ಗಳಲ್ಲಿ ನಮ್ಮ ಕಡೆಗೆ ಹೊಂದುವಂಥದ್ದೊಂದನ್ನು ಆರಿಸಿದೆ. ಅದನ್ನೇ ಹಾಕಿ ಶುರು ಮಾಡಿದೆ.

ಮನೆಯ ದಿಕ್ಕು, ಗೋಡೆ, ಛಾವಣಿ, ಕಿಟಕಿಯ ಅಳತೆ, ಸಜ್ಜಾ, ಬಣ್ಣ: ಒಟ್ಟು 6 ಅಂಶ, ಒಂದೊಂದಕ್ಕೆ 4 ಆಯ್ಕೆ. ಅಂದರೆ 4,096 ಮನೆಗಳು. ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ರನ್‌ಗೆ 2 ನಿಮಿಷ. ಲೆಕ್ಕ ಹಾಕಿ ನೋಡಿ, 136 ಗಂಟೆ! ಮೂರನೇ ದಿನ ಕರೆಂಟ್ ಹೋಯ್ತು, ಬ್ಯಾಟರಿ ಮುಗೀತು, ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಗೌಂಡಿ ಬಂದು ಸ್ಲ್ಯಾಬ್ ಹಾಕಿಯೇ ಬಿಟ್ಟ. "ಮೊದಲು ಛಾವಣಿ ನೋಡಿ" ಅನ್ನೋ ನನ್ನ ಉತ್ತರ ಬಂದದ್ದು ಅದರ ಮುಂದಿನ ವಾರ.

ಸಿಮ್ಯುಲೇಶನ್ ನಿಧಾನ ಅಂದ ಕೂಡಲೇ ನಾವು ದೊಡ್ಡ ಕಂಪ್ಯೂಟರ್ ಕೇಳ್ತೀವಿ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಬೇರೆ: ಇಷ್ಟೆಲ್ಲ ರನ್ ಬೇಕಾ?

ಬೇಡ. 4,096ರಲ್ಲಿ ಎಲ್ಲ ಆಯ್ಕೆಗಳೂ ಹದವಾಗಿ ಹಂಚಿ ಬರುವಂತೆ 100 ಮನೆ ಆರಿಸಿ. ಲ್ಯಾಟಿನ್ ಹೈಪರ್‌ಕ್ಯೂಬ್ ಸ್ಯಾಂಪ್ಲಿಂಗ್ ಮಾಡೋದು ಇದನ್ನೇ. ಒಂದು ರನ್ ಇನ್ನೊಂದಕ್ಕೆ ಕಾಯಬೇಕಿಲ್ಲ, ಹಾಗಾಗಿ 4 ಕೋರ್‌ಗಳಲ್ಲಿ ಹಂಚಿದರೆ ಸುಮಾರು 50 ನಿಮಿಷದ ಕೆಲಸ. ಆ 100 ಫಲಿತಾಂಶಗಳ ಮೇಲೆ ಒಂದು ರಿಗ್ರೆಶನ್ ಕೂರಿಸಿದರೆ ಉಳಿದ ಮನೆಗಳ ಅಂದಾಜು ಕ್ಷಣದಲ್ಲಿ ಸಿಗುತ್ತೆ. ಅದರಲ್ಲಿ ಮುಂದಿರುವ 10ನ್ನು ಮಾತ್ರ ವರ್ಷದ 8,760 ಗಂಟೆಗೂ ಪೂರ್ತಿ ಓಡಿಸಿ ಖಾತ್ರಿ ಮಾಡಿಕೊಳ್ಳಿ. ಅಂದಾಜನ್ನೇ ಸತ್ಯ ಅಂದ್ಕೊಂಡು ಈ ಕೊನೇ ಹೆಜ್ಜೆ ಬಿಡಬೇಡಿ.

ಕೆಲವು ಪ್ರಶ್ನೆಗಳಿಗೆ ಸಿಮ್ಯುಲೇಶನ್ನೇ ಬೇಕಿಲ್ಲ. 2018ರ ಇಕೋ ನಿವಾಸ್ ಸಂಹಿತೆ ಗೋಡೆ, ಕಿಟಕಿಗಳಿಂದ ಒಳಬರುವ ಶಾಖವನ್ನು ಒಂದೇ ಸೂತ್ರದಲ್ಲಿ ಹಿಡಿದು, ಚದರ ಮೀಟರಿಗೆ 15 ವ್ಯಾಟ್ ಮಿತಿ ಇಟ್ಟಿದೆ. ಛಾವಣಿಗೆ ಬೇರೆ ಮಿತಿ, ಯು-ಮೌಲ್ಯ 1.2 ಮೀರಬಾರದು. ಕ್ಯಾಲ್ಕುಲೇಟರ್ ಸಾಕು.

ಆದರೆ ವೇಗದ ಆಸೆಗೆ ಏನನ್ನು ಬಿಡಬಾರದು ಅನ್ನೋದೂ ಗೊತ್ತಿರಬೇಕು. ನಾವು ಓದುವ ಪೇಪರ್‌ಗಳಲ್ಲಿ ಗುರಿ ಸಾಮಾನ್ಯವಾಗಿ ಎಸಿಯ ವಿದ್ಯುತ್ ಕಡಿಮೆ ಮಾಡೋದು. ಕಾಕಾನ ಮನೆಯಲ್ಲಿ ಎಸಿನೇ ಇಲ್ಲ! ಅಲ್ಲಿ ಎಣಿಸಬೇಕಾದ್ದು ಯೂನಿಟ್ ಅಲ್ಲ, ಮಲಗುವ ಕೋಣೆ ರಾತ್ರಿ ಎಷ್ಟು ಗಂಟೆ ಕಾದಿರುತ್ತೆ ಅನ್ನೋದು. ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿ ಶಾಖ ಬಿಡುತ್ತೆ. ಟೈಮ್ ಉಳಿಸೋಕೆ ಅಂತ ಮೇಲಿನ ಕೋಣೆ, ಕೆಳಗಿನ ಹಾಲ್ ಎರಡನ್ನೂ ಒಂದೇ ಝೋನ್ ಮಾಡಿದರೆ ಆ ಸೆಕೆ ಸರಾಸರಿಯಲ್ಲಿ ಮುಚ್ಚಿಹೋಗುತ್ತೆ. ಬೇಗ ಬಂದ ತಪ್ಪು ಉತ್ತರದಿಂದ ಯಾರಿಗೂ ನಿದ್ದೆ ಬರಲ್ಲ.

ಅದಕ್ಕೇ ಒಂದು ಮಾತು. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಗೆಳೆಯರು ನಮ್ಮಲ್ಲಿ ಸಾಕಷ್ಟು ಜನ ಇದ್ದೀವಿ. ನಮ್ಮೂರಲ್ಲಿ ಸಾಮಾನ್ಯವಾಗಿ ಕಾಣುವ ನಾಲ್ಕೈದು ನಮೂನೆಯ ಮನೆ ಆರಿಸಿ, ಒಂದೊಂದಕ್ಕೂ 100 ರನ್ ಒಮ್ಮೆ ಮಾಡಿಟ್ಟರೆ ಮುಂದೆ ಯಾರು ಕೇಳಿದರೂ ಮೊಬೈಲ್‌ನಲ್ಲೇ ಉತ್ತರ ಕೊಡಬಹುದು. ಮಸ್ಕಿಯಲ್ಲಿ ನಮ್ಮ ಅತ್ತೆಯ ಮನೆಗೆ ದೀಪಾವಳಿ ಆದ ಮೇಲೆ ಪಾಯ ತೆಗೀತಾರೆ. ಈ ಸಲ ಗೌಂಡಿಗಿಂತ ಮೊದಲು ನಾನು ಹೋಗಬೇಕು.

ಕಾಕಾನ ಮನೆಗೆ ಉಳಿದ ದಾರಿ ಒಂದೇ, ಸ್ಲ್ಯಾಬಿನ ಮೇಲೆ ಬಿಳಿ ಸುಣ್ಣ. ಬರುವ ಬೇಸಿಗೆಗೆ ಮುಂಚೆ ಬ್ರಷ್ ಹಿಡಿಯೋದು ನಾನೇ.