ನೋಡಲು ಹೋದವರು, ನೋಡಿಕೊಂಡವರು

ಮೊಮ್ಮಗಳ ಮೊದಲ ಹುಟ್ಟುಹಬ್ಬವನ್ನು ನಾನು ಕಂಡದ್ದು ಮೈಸೂರಿನ ನಮ್ಮ ಮನೆಯ ಹಜಾರದಲ್ಲಿ, ಬೆಳಗಿನ ಜಾವ ಎರಡೂವರೆ ಗಂಟೆಗೆ, ಅಂಗೈಯಗಲದ ಮೊಬೈಲ್ ಪರದೆಯ ಮೇಲೆ. ಅಮೆರಿಕದ ಡೆಟ್ರಾಯಿಟ್ ನಗರಕ್ಕೆ ಸಮೀಪದ ನೋವೈ ಎಂಬ ಊರಿನಲ್ಲಿ ಆಗ ಶನಿವಾರ ಸಂಜೆ ಐದು. ಬಾಡಿಗೆಗೆ ಹಿಡಿದ ಸಭಾಂಗಣ, ಬಣ್ಣದ ಬಲೂನುಗಳು, ಎಂಬತ್ತು ಮಂದಿ ಅತಿಥಿಗಳು. ಗದ್ದಲಕ್ಕೆ ಬೆದರಿ ಮಗು ಅಳಲಾರಂಭಿಸಿದಾಗ ಮಗ ಫೋನನ್ನು ಅದರ ಮುಂದೆ ಹಿಡಿದು, ‘ನೋಡು ಪುಟ್ಟಿ, ಅಜ್ಜಿ’ ಎಂದ. ನನ್ನ ಧ್ವನಿ ಕೇಳಿದ ಮಗು ಅಳು ನಿಲ್ಲಿಸಿ, ಫೋನಿನ ಹಿಂಬದಿಗೆ ಕೈಚಾಚಿ ನನ್ನನ್ನು ಹುಡುಕಿತು. ಅದೇ ಹೊತ್ತಿನಲ್ಲಿ ಹುಬ್ಬಳ್ಳಿಯಲ್ಲಿ ನಮ್ಮ ಬೀಗಿತ್ತಿಯೂ ಹೀಗೆಯೇ ನಿದ್ದೆಗೆಟ್ಟು ಕುಳಿತಿದ್ದರು. ಒಂದು ವರ್ಷ ಕಾಲ ಆ ಮಗುವಿನ ಹಗಲುಗಳನ್ನೆಲ್ಲ ಕಾಯ್ದವರು ನಾವಿಬ್ಬರು. ಸಂಭ್ರಮದ ದಿನ ಇಬ್ಬರೂ ಅಲ್ಲಿರಲಿಲ್ಲ.

ಇದರಲ್ಲಿ ಯಾರ ತಪ್ಪೂ ಇಲ್ಲ. ಇದು ಲೆಕ್ಕಾಚಾರದ ಫಲ. ಸಂದರ್ಶಕರ ವೀಸಾದಲ್ಲಿ ಅಮೆರಿಕಕ್ಕೆ ಹೋದವರಿಗೆ ಸಾಮಾನ್ಯವಾಗಿ ಒಮ್ಮೆಗೆ ಆರು ತಿಂಗಳು ಉಳಿಯಲು ಅನುಮತಿ ದೊರೆಯುತ್ತದೆ. ಇಬ್ಬರು ಅಜ್ಜಿಯರು, ತಲಾ ಆರು ತಿಂಗಳು, ವರ್ಷ ತುಂಬಿತು. ಹೆರಿಗೆಗೆ ಮೂರು ವಾರ ಮುನ್ನ ಬೀಗಿತ್ತಿ ಹೋದರು. ಆಗಸ್ಟ್ ಕೊನೆಯಲ್ಲಿ ನಾನು ಹೋದೆ. ನಾಲ್ಕು ದಿನ ಇಬ್ಬರೂ ಒಟ್ಟಿಗಿದ್ದೆವು. ಹಾಲು ಕುಡಿಸುವ ಹೊತ್ತು, ರಾಗಿ ಸರಿಯ ಹದ, ನಿದ್ದೆಯ ಸಮಯ ಎಲ್ಲವನ್ನೂ ಬರೆದಿಟ್ಟಿದ್ದ ನೋಟ್ ಪುಸ್ತಕವೊಂದನ್ನು ನನಗೆ ಒಪ್ಪಿಸಿ ಅವರು ವಿಮಾನ ಹತ್ತಿದರು. ಕಾರ್ಖಾನೆಯಲ್ಲಿ ಪಾಳಿ ಬದಲಾಗುವಂತೆಯೇ ಇತ್ತು ಅದು. ನನ್ನ ಪಾಳಿ ಫೆಬ್ರುವರಿಯಲ್ಲಿ ಮುಗಿಯಿತು. ಹುಟ್ಟುಹಬ್ಬ ಮಾರ್ಚ್ ಕೊನೆಗೆ. ಅವಧಿ ವಿಸ್ತರಣೆಗೆ ಅರ್ಜಿ ಹಾಕಬಹುದಿತ್ತು. ಆದರೆ ಮೈಸೂರಿನಲ್ಲಿ ಆರು ತಿಂಗಳು ಹೋಟೆಲ್ ಊಟ ಮಾಡಿಕೊಂಡು ಒಂಟಿಯಾಗಿದ್ದ ನಮ್ಮ ಯಜಮಾನರ ರಕ್ತದೊತ್ತಡ ಅದಕ್ಕೆ ಕಾಯುವ ಸ್ಥಿತಿಯಲ್ಲಿರಲಿಲ್ಲ.

ಹೊರಡುವ ಹಿಂದಿನ ದಿನ ಮಗ ಫೋನಿನಲ್ಲಿ ಎಚ್ಚರಿಸಿದ್ದ: ‘ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಏಕೆ ಬಂದಿರಿ ಎಂದು ಕೇಳುತ್ತಾರಮ್ಮ. ಮೊಮ್ಮಗಳನ್ನು ನೋಡಲು ಎಂದು ಹೇಳು. ನೋಡಿಕೊಳ್ಳಲು ಎಂದು ಮಾತ್ರ ಹೇಳಬೇಡ.’ ಸಂದರ್ಶಕರು ಅಲ್ಲಿ ಉದ್ಯೋಗ ಮಾಡುವಂತಿಲ್ಲ. ಮಗು ನೋಡಿಕೊಳ್ಳುವುದು ಉದ್ಯೋಗವೆಂದು ಯಾರಾದರೂ ಭಾವಿಸಿಯಾರು ಎಂಬುದು ಅವನ ಅಂಜಿಕೆ. ವಿದೇಶದಲ್ಲಿ ಮಕ್ಕಳಿರುವ ಅನೇಕ ಮನೆಗಳಲ್ಲಿ ಈ ಪಾಠ ನಡೆಯುತ್ತದೆ. ನಾನು ಕಲಿತಂತೆಯೇ ಒಪ್ಪಿಸಿ ಹೊರಬಂದೆ. ಆಮೇಲೆ ಯೋಚಿಸಿದಾಗ ಬೇರೊಂದು ಸಂಗತಿ ಹೊಳೆಯಿತು. ಅಧಿಕಾರಿಗೆ ಹೇಳಬಾರದೆಂದು ನಾವು ಮುಚ್ಚಿಡುವ ಆ ಕ್ರಿಯಾಪದವನ್ನು ನಮ್ಮ ನಮ್ಮೊಳಗೂ ಆಡುವುದಿಲ್ಲ. ನೆರೆಹೊರೆಯವರಿಗೆ, ಬಂಧುಗಳಿಗೆ, ಕೊನೆಗೆ ನಮಗೆ ನಾವೇ ಹೇಳಿಕೊಳ್ಳುವುದೂ ‘ಮೊಮ್ಮಗುವನ್ನು ನೋಡಿ ಬಂದೆವು’ ಎಂದೇ.

ಅಜ್ಜಿಯರಿಗೆ ಅಲ್ಲಿ ಇಷ್ಟು ಬೇಡಿಕೆ ಏಕೆ? ಪ್ರೀತಿಯಷ್ಟೇ ಕಾರಣವಲ್ಲ. ಖಾಸಗಿ ಉದ್ಯೋಗಿಗಳಿಗೆ ಸಂಬಳಸಹಿತ ಹೆರಿಗೆ ರಜೆ ಕೊಡುವ ರಾಷ್ಟ್ರೀಯ ಕಾನೂನು ಆ ಶ್ರೀಮಂತ ದೇಶದಲ್ಲಿಲ್ಲ. 1993ರ ಕೌಟುಂಬಿಕ ಮತ್ತು ವೈದ್ಯಕೀಯ ರಜೆ ಕಾಯಿದೆ 12 ವಾರಗಳ ರಜೆಯ ಹಕ್ಕು ನೀಡುತ್ತದೆ, ಆದರೆ ಸಂಬಳವಿಲ್ಲದೆ. ಅದೂ ಖಾಸಗಿ ವಲಯದಲ್ಲಿ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ, ಕನಿಷ್ಠ ಒಂದು ವರ್ಷ ದುಡಿದವರಿಗೆ. ಕ್ಯಾಲಿಫೋರ್ನಿಯ 2004ರಲ್ಲಿ ತನ್ನದೇ ಸಂಬಳಸಹಿತ ರಜೆ ಯೋಜನೆಯನ್ನು ಜಾರಿಗೆ ತಂದಿತು, ಇನ್ನು ಕೆಲವು ರಾಜ್ಯಗಳು ಅದನ್ನು ಹಿಂಬಾಲಿಸಿದವು. ಮಿಷಿಗನ್‌ನಲ್ಲಿದ್ದ ನಮ್ಮ ಸೊಸೆಗೆ ಆ ಆಸರೆ ಇರಲಿಲ್ಲ. ಆಕೆಗೆ ದೊರೆತದ್ದು 12 ವಾರ, ಅರ್ಧಕ್ಕಷ್ಟೇ ಸಂಬಳ. ಮಗನಿಗೆ ಎರಡು ವಾರ. ಮೂರು ತಿಂಗಳು ತುಂಬದ ಕೂಸನ್ನು ಶಿಶುವಿಹಾರಕ್ಕೆ ಬಿಡಬೇಕೆಂದರೆ ತಿಂಗಳಿಗೆ ಸಾವಿರ ಡಾಲರಿಗೂ ಮಿಗಿಲಾದ ಶುಲ್ಕ. ಹೀಗೆ ಒಂದು ದೇಶದ ಕಾನೂನು ತೆರೆದಿಟ್ಟ ಕಂದರವನ್ನು ಇನ್ನೊಂದು ದೇಶದ ಅಜ್ಜಿಯರು ತುಂಬುತ್ತಾರೆ.

ಆ ತುಂಬುವಿಕೆ ಎಂಥದ್ದು? ಬೀಗಿತ್ತಿಯವರು ಬಾಣಂತನವನ್ನು ಹುಬ್ಬಳ್ಳಿಯಲ್ಲಿ ಮಾಡುವಂತೆಯೇ ಮಾಡಿದರು. ಎಣ್ಣೆ ನೀರು, ಬೆಳ್ಳುಳ್ಳಿ, ಮೆಣಸಿನ ಸಾರು, ಅಂಟಿನುಂಡೆ ಯಾವುದಕ್ಕೂ ಕೊರತೆಯಾಗಲಿಲ್ಲ. ಮಗುವಿಗೆ ಸಾಂಬ್ರಾಣಿ ಹೊಗೆ ಹಾಕಿದ ದಿನ ಮಾತ್ರ ಮನೆಯ ಹೊಗೆ ಎಚ್ಚರಿಕೆ ಗಂಟೆ ಬಡಿದು ನೆರೆಯವರೆಲ್ಲ ಅಂಗಳಕ್ಕಿಳಿದರಂತೆ. ನನ್ನ ಪಾಲಿಗೆ ಬಂದದ್ದು ಚಳಿಗಾಲ. ಬೆಳಿಗ್ಗೆ ಎಂಟಕ್ಕೆ ಗಂಡ ಹೆಂಡತಿ ಕೆಲಸಕ್ಕೆ ಹೊರಟರೆ ಸಂಜೆ ಆರರವರೆಗೆ ಮನೆಯಲ್ಲಿ ನಾನು ಮತ್ತು ಮಗು. ಕಿಟಕಿಯಾಚೆ ಹಿಮ. ನನಗೆ ಕಾರು ಬಿಡಲು ಬಾರದು, ಕಾರಿಲ್ಲದೆ ಅಲ್ಲಿ ಎಲ್ಲಿಗೂ ಹೋಗಲಾಗದು. ವಾರಕ್ಕೊಮ್ಮೆ ದೇವಸ್ಥಾನಕ್ಕೆ ಹೋದಾಗ ನನ್ನಂಥದೇ ಅರವತ್ತು ದಾಟಿದ ಹೆಂಗಸರು ಸಿಗುತ್ತಿದ್ದರು. ಯಾರಿಗೆ ಎಷ್ಟು ತಿಂಗಳು ಉಳಿದಿದೆ ಎಂಬುದೇ ನಮ್ಮ ಮೊದಲ ಮಾತು. ಡಿಸೆಂಬರಿನಲ್ಲಿ ದವಡೆ ಹಲ್ಲು ನೋಯತೊಡಗಿತು. ನನ್ನ ಪ್ರವಾಸಿ ವಿಮೆ ಹಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಮಕ್ಕಳಿಗೆ ಖರ್ಚೇಕೆ ಎಂದು ಲವಂಗ ಕಚ್ಚಿಕೊಂಡು ಎರಡು ತಿಂಗಳು ದೂಡಿದೆ. ಮಗನಿಗೆ ಹೇಳಲಿಲ್ಲ. ಹೇಳಿದ್ದರೆ ಆತ ಖಂಡಿತ ವೈದ್ಯರ ಬಳಿ ಕರೆದೊಯ್ಯುತ್ತಿದ್ದ. ಹೇಳದಿರುವುದೇ ತಾಯ್ತನ ಎಂದು ನಾನೇ ಭ್ರಮಿಸಿದ್ದೆ.

ಮೊಮ್ಮಕ್ಕಳನ್ನು ಎತ್ತಾಡಿಸುವುದನ್ನು ಕೆಲಸವೆಂದು ಕರೆಯುವುದು ವಾತ್ಸಲ್ಯಕ್ಕೆ ಬೆಲೆ ಕಟ್ಟಿದಂತಲ್ಲವೇ ಎಂದು ಕೆಲವರು ಕೇಳಬಹುದು. ಈ ಮಾತಿನಲ್ಲಿ ಸತ್ಯವಿದೆ. ಆ ಮಗು ಮೊದಲ ಬಾರಿ ಅಂಬೆಗಾಲಿಟ್ಟದ್ದು ನನ್ನೆಡೆಗೆ. ಆ ಕ್ಷಣಕ್ಕೆ ಸಮನಾದದ್ದು ನನ್ನ ಬದುಕಿನಲ್ಲಿ ಹೆಚ್ಚೇನಿಲ್ಲ. ಆದರೆ ಪ್ರೀತಿಯಿಂದ ಮಾಡಿದ ಮಾತ್ರಕ್ಕೆ ದುಡಿಮೆ ದುಡಿಮೆಯಲ್ಲದೆ ಹೋಗುವುದಿಲ್ಲ. ಹೆಸರಿಲ್ಲದ ದುಡಿಮೆಗೆ ಬಿಡುವೂ ಇಲ್ಲ, ಮಿತಿಯೂ ಇಲ್ಲ, ಬೇಡವೆನ್ನುವ ಅವಕಾಶವೂ ಇಲ್ಲ. ವಾತ್ಸಲ್ಯದ ಹೆಸರಿನಲ್ಲಿ ಅದನ್ನು ಮರೆಯಿಸಿದಾಗ ನಷ್ಟವಾಗುವುದು ವಾತ್ಸಲ್ಯಕ್ಕೇ.

ಅದಕ್ಕೆ ಹೆಸರು ಕೊಟ್ಟ ಸಮಾಜಗಳೂ ಇವೆ. ಸ್ವೀಡನ್‌ನಲ್ಲಿ ಒಂದು ಮಗುವಿಗೆ 480 ದಿನಗಳ ಪೋಷಕ ರಜೆಯಿದೆ. 2024ರ ಜುಲೈನಿಂದ ಅದರಲ್ಲಿ 45 ದಿನಗಳವರೆಗೆ ಸಂಬಳದ ರಜೆಯನ್ನು ತಂದೆ ತಾಯಿ ಅಜ್ಜ ಅಜ್ಜಿಯರಿಗೆ ವರ್ಗಾಯಿಸಲು ಅಲ್ಲಿನ ಕಾನೂನು ಅವಕಾಶ ಕೊಟ್ಟಿತು. ಮೈಸೂರಿನಿಂದ ಸಂದರ್ಶಕಳಾಗಿ ಹೋದ ಅಜ್ಜಿಗೆ ಅದು ದಕ್ಕುವುದಿಲ್ಲ, ನಿಜ. ಆದರೆ ಅಜ್ಜಿ ಮಾಡುವುದು ಕೆಲಸವೆಂಬ ಒಪ್ಪಿಗೆಯಂತೂ ಅದರಲ್ಲಿದೆ. ಕೆನಡಾ 2011ರಲ್ಲಿ ಪೌರರ ಹಾಗೂ ಕಾಯಂ ನಿವಾಸಿಗಳ ಹೆತ್ತವರಿಗಾಗಿ, ಅಜ್ಜ ಅಜ್ಜಿಯರಿಗಾಗಿ ಪ್ರತ್ಯೇಕ ‘ಸೂಪರ್ ವೀಸಾ’ ತಂದಿತು. 2022ರಿಂದ ಅದರಡಿ ಒಮ್ಮೆಗೆ ಐದು ವರ್ಷಗಳವರೆಗೆ ಉಳಿಯಬಹುದಾಯಿತು. ಕನಿಷ್ಠ ಒಂದು ಲಕ್ಷ ಡಾಲರುಗಳ ಆರೋಗ್ಯ ವಿಮೆ ಅದಕ್ಕೆ ಕಡ್ಡಾಯ.

ನಮ್ಮಲ್ಲಿ? 2017ರ ತಿದ್ದುಪಡಿ ಸಂಬಳಸಹಿತ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. 50 ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. ಈ ವಿಷಯದಲ್ಲಿ ನಾವು ಅಮೆರಿಕಕ್ಕಿಂತ ಮುಂದಿದ್ದೇವೆ. ಆದರೆ ಅಸಂಘಟಿತ ವಲಯದ ಬಹುಪಾಲು ತಾಯಂದಿರಿಗೆ ಈ ಸೌಲಭ್ಯ ತಲುಪಿಲ್ಲ. ಬೆಂಗಳೂರಿನ ಬಹುಮಹಡಿ ವಸತಿ ಸಮುಚ್ಚಯಗಳ ಉದ್ಯಾನಗಳಲ್ಲಿ ಸಂಜೆ ತಳ್ಳುಗಾಡಿ ತಳ್ಳುತ್ತ ನಡೆಯುವ, ಹಾಸನದಿಂದಲೋ ದಾವಣಗೆರೆಯಿಂದಲೋ ಬಂದ ಅಜ್ಜಿಯರನ್ನು ನೋಡಿದರೆ ಪಾಳಿ ಇಲ್ಲಿಯೂ ನಡೆದಿದೆ ಎಂಬುದು ತಿಳಿಯುತ್ತದೆ. ಅವರಿಗೆ ವೀಸಾದ ಗಡುವೂ ಇಲ್ಲ.

ಕಾನೂನುಗಳು ಬದಲಾಗುವವರೆಗೆ ಮನೆಗಳಲ್ಲಾದರೂ ಬದಲಾಗಬಹುದಾದದ್ದು ಕೆಲವಿದೆ. ಟಿಕೆಟ್ ಕಾದಿರಿಸಿ ತಿಳಿಸುವ ಬದಲು ಮಕ್ಕಳು ಮೊದಲು ಕೇಳಬೇಕು. ಆಗದು ಎಂಬ ಉತ್ತರವೂ ಒಂದು ಉತ್ತರವೇ ಎಂದು ಒಪ್ಪಬೇಕು. ಹಳೆಯ ಕಾಯಿಲೆಗಳಿಗೆ, ಹಲ್ಲಿಗೆ ಎಷ್ಟರಮಟ್ಟಿಗೆ ರಕ್ಷಣೆಯಿದೆ ಎಂದು ವಿಮೆಯ ಪತ್ರವನ್ನು ಹೊರಡುವ ಮುನ್ನವೇ ಕುಳಿತು ಓದಬೇಕು. ಮುಪ್ಪಿನಲ್ಲಿರುವ ದಂಪತಿಯನ್ನು ಆರು ತಿಂಗಳು ಅಗಲಿಸಬಾರದು. ಬಂದರೆ ಇಬ್ಬರೂ ಬರಲಿ. ಕಂಪನಿ ಕೊಡುವ ರಜೆ ಎರಡೇ ವಾರವಾದರೂ ತಂದೆಯಾದವನು ಅದರ ಪ್ರತಿ ದಿನವನ್ನೂ ಬಳಸಿಕೊಳ್ಳಲಿ. ನಾವು ಅಜ್ಜಿಯರೂ ಹಲ್ಲು ನೋವಾದರೆ ಹಲ್ಲು ನೋವೆಂದು ಹೇಳಲು ಕಲಿಯಬೇಕು.

ಇಷ್ಟನ್ನೂ ಮಗನಿಗೆ ದೀರ್ಘವಾದ ಪತ್ರದಲ್ಲಿ ಬರೆದೆ. ಎರಡು ದಿನ ಅವನಿಂದ ಉತ್ತರವಿರಲಿಲ್ಲ. ಮೂರನೆಯ ದಿನ ಸೊಸೆ ಫೋನು ಮಾಡಿ, ‘ಅತ್ತೆ, ನಮ್ಮಮ್ಮನೂ ಇದನ್ನೇ ಹೇಳಬೇಕೆಂದಿದ್ದರಂತೆ, ಹೇಳಿರಲಿಲ್ಲ’ ಎಂದಳು. ಬರುವ ತಿಂಗಳು ಅವರು ಮಗುವಿನೊಡನೆ ಇಲ್ಲಿಗೆ ಬರುತ್ತಿದ್ದಾರೆ. ಆಯುಷ್ಯ ಹೋಮ ಮಾಡಿಸಿ, ಕಿವಿ ಚುಚ್ಚಿಸುವುದೆಂದು ನಿಶ್ಚಯವಾಗಿದೆ. ಹುಬ್ಬಳ್ಳಿಯಿಂದ ಬೀಗರಿಬ್ಬರೂ ಬರಲಿದ್ದಾರೆ. ಆ ನೋಟ್ ಪುಸ್ತಕವನ್ನೂ ತರುವಂತೆ ಸೊಸೆಗೆ ಹೇಳಿದ್ದೇನೆ. ಅದರಲ್ಲಿ ಇಬ್ಬರು ಅಜ್ಜಿಯರ ಕೈಬರಹವಿದೆ; ಮಗು ದೊಡ್ಡವಳಾದ ಮೇಲೆ ಓದಿಕೊಳ್ಳಲಿ.