ನಿಯಮ ಇದೆ, ಕಾಯುವವರು ಯಾರು?

ಕುಮಾರಸ್ವಾಮಿ ಲೇಔಟ್‌ನ ದಯಾನಂದ ಸಾಗರ್ ಕಾಲೇಜಿನ ಸುತ್ತಮುತ್ತ ಪಿಜಿ ಬೋರ್ಡ್‌ಗಳಲ್ಲಿ ಊಟ, ಬಿಸಿನೀರಿನ ಜೊತೆಗೆ ವೈಫೈ ಕೂಡ ಸೇರಿರುತ್ತದೆ. ಯಾವ ಕಂಪನಿಯದು ಎಂದು ಬೋರ್ಡ್ ಹೇಳುವುದಿಲ್ಲ, ರೂಮು ನೋಡಲು ಬಂದ ವಿದ್ಯಾರ್ಥಿಯೂ ಕೇಳುವುದಿಲ್ಲ. ಮಾಲೀಕರು ಹಾಕಿಸಿದ ಕನೆಕ್ಷನ್ನೇ ಗತಿ. ಅದರಲ್ಲಿ ಹರಿದುಬರುವುದನ್ನು ಕಂಪನಿ ನಡುದಾರಿಯಲ್ಲಿ ಮುಟ್ಟಬಾರದು, ಒಂದು ತಾಣಕ್ಕೆ ವೇಗ, ಇನ್ನೊಂದಕ್ಕೆ ತಡೆ ಎಂದು ಭೇದ ಮಾಡಬಾರದು. ನೆಟ್ ನ್ಯೂಟ್ರಾಲಿಟಿ ಅಂದರೆ ಇಷ್ಟೇ.

ಹಾಗೆ ಮುಟ್ಟಿದ್ದು ಸಿಕ್ಕಿಬಿದ್ದದ್ದು ಬೆಂಗಳೂರಿನಲ್ಲೇ. 2015ರ ಜೂನ್‌ನಲ್ಲಿ ನಗರದ ಪ್ರೋಗ್ರಾಮರ್ ತೇಜೇಶ್ ಜಿ.ಎನ್. ಏರ್‌ಟೆಲ್ 3ಜಿ ಮೂಲಕ ತಮ್ಮದೇ ಜಾಲತಾಣ ತೆರೆದು ಸೋರ್ಸ್ ಕೋಡ್ ನೋಡಿದರು. ತಾವು ಬರೆಯದ ಜಾವಾಸ್ಕ್ರಿಪ್ಟ್ ಸಾಲುಗಳು ಅಲ್ಲಿ ಕೂತಿದ್ದವು. ಪುರಾವೆಯನ್ನು ಗಿಟ್‌ಹಬ್‌ಗೆ ಹಾಕಿದರು. ಕೋಡ್ ತನ್ನದೆಂದ ಇಸ್ರೇಲ್‌ನ ಫ್ಲ್ಯಾಶ್ ನೆಟ್‌ವರ್ಕ್ಸ್ ಅವರಿಗೆ ಲೀಗಲ್ ನೋಟಿಸ್ ಕಳಿಸಿತು, ಕಾಪಿರೈಟ್ ಹೆಸರಲ್ಲಿ ಗಿಟ್‌ಹಬ್‌ನಿಂದ ಅದನ್ನು ತೆಗೆಸಿತು. ಗ್ರಾಹಕರಿಗೆ ಡೇಟಾ ಬಳಕೆಯ ಲೆಕ್ಕ ತಿಳಿಸುವುದಕ್ಕಾಗಿ ಹೀಗೆ ಮಾಡಿದ್ದು ಎಂಬುದು ಏರ್‌ಟೆಲ್ ಸಮಜಾಯಿಷಿ. ಹೇಳದೆ ಸೇರಿಸಿದ್ದನ್ನು ಬಯಲು ಮಾಡಿದವರಿಗೇ ನೋಟಿಸ್!

ಅದು ನೆಟ್ ನ್ಯೂಟ್ರಾಲಿಟಿ ಉಳಿಸಿ ಎಂದು ಟೆಲಿಕಾಂ ನಿಯಂತ್ರಕ ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದ ವರ್ಷ. ಆ ಒತ್ತಡಕ್ಕೆ ಬೆಂಗಳೂರಿನ ಫ್ಲಿಪ್‌ಕಾರ್ಟ್ ಹಣ ಕೊಟ್ಟ ಕಂಪನಿಗಳ ಆ್ಯಪ್‌ಗಳನ್ನು ಗ್ರಾಹಕರಿಗೆ ಉಚಿತವಾಗಿಸುವ 'ಏರ್‌ಟೆಲ್ ಝೀರೊ' ಯೋಜನೆಯಿಂದ ಹಿಂದೆ ಸರಿಯಿತು. 2016ರ ಫೆಬ್ರುವರಿ 8ರಂದು ಟ್ರಾಯ್ ತಾಣಕ್ಕೊಂದು ದರ ನಿಗದಿ ಮಾಡುವುದನ್ನು ನಿಷೇಧಿಸಿತು; ಆಯ್ದ ತಾಣಗಳನ್ನಷ್ಟೇ ಉಚಿತವಾಗಿ ಕೊಡುತ್ತಿದ್ದ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಗಂಟುಮೂಟೆ ಕಟ್ಟಿತು. ಉಲ್ಲಂಘನೆಗೆ ದಿನಕ್ಕೆ 50 ಸಾವಿರ ರೂಪಾಯಿ, ಗರಿಷ್ಠ 50 ಲಕ್ಷ ದಂಡ. ದೊಡ್ಡ ಟೆಲಿಕಾಂ ಕಂಪನಿಗೆ ಇದು ಚಿಲ್ಲರೆ ಕಾಸು.

ದರದ ತಾರತಮ್ಯವಾದರೂ ಬಿಲ್ಲಿನಲ್ಲಿ ಕಾಣುತ್ತದೆ. ವೇಗದ ತಾರತಮ್ಯ ಕಾಣುವುದಿಲ್ಲ, ಕಷ್ಟ ಇರುವುದೇ ಅಲ್ಲಿ. ತಡೆ, ನಿಧಾನ, ವಿಶೇಷ ಆದ್ಯತೆ ಮೂರನ್ನೂ 2018ರಲ್ಲಿ ಲೈಸೆನ್ಸ್ ಷರತ್ತಿನಲ್ಲೇ ನಿಷೇಧಿಸಲಾಯಿತು. ಆದರೆ ದಟ್ಟಣೆ ನಿಭಾಯಿಸಲು 'ಸಮಂಜಸ' ಕ್ರಮಕ್ಕೆ ವಿನಾಯಿತಿ ಇದೆ, ಇರಲೂಬೇಕು. ರಾತ್ರಿ ಹತ್ತಕ್ಕೆ ವಿಡಿಯೊ ತಡವರಿಸಿದರೆ ತಪ್ಪು ಕಂಪನಿಯದೋ, ದೂರದ ಸರ್ವರಿನದೋ, ಮಹಡಿ ಪೂರ್ತಿ ಹಂಚಿಕೊಂಡ ರೂಟರಿನದೋ? ಪಿಜಿ ಮಾಲೀಕರೇ ಒಂದು ತಾಣವನ್ನು ತಡೆದರೆ ಲೈಸೆನ್ಸ್ ಷರತ್ತು ಅವರಿಗೆ ತಾಗುವುದೂ ಇಲ್ಲ. ಕಂಪನಿಗಳ ಮೇಲೆ ಕಣ್ಣಿಡಲು ಎಲ್ಲ ಪಾಲುದಾರರ ಒಂದು ಮಂಡಳಿ ಬೇಕೆಂದು ಟ್ರಾಯ್ 2020ರಲ್ಲಿ ಸರ್ಕಾರಕ್ಕೆ ಶಿಫಾರಸು ಮಾಡಿತ್ತು.

ಅಮೆರಿಕದಲ್ಲಿ 2015ರ ನೆಟ್ ನ್ಯೂಟ್ರಾಲಿಟಿ ನಿಯಮ 2017ರಲ್ಲಿ ರದ್ದಾಗಿ, 2024ರಲ್ಲಿ ಮರಳಿ, 2025ರ ಜನವರಿಯಲ್ಲಿ ನ್ಯಾಯಾಲಯದಲ್ಲಿ ಬಿತ್ತು. ನಮ್ಮದು ಅಷ್ಟು ಓಲಾಡಿಲ್ಲ. ಆದರೆ ಹೆಚ್ಚು ಟ್ರಾಫಿಕ್ ತರುವ ಯೂಟ್ಯೂಬ್, ನೆಟ್‌ಫ್ಲಿಕ್ಸ್‌ನಂಥವರೂ ಜಾಲದ ವೆಚ್ಚದಲ್ಲಿ ಪಾಲು ಕೊಡಲಿ ಎಂದು ಟೆಲಿಕಾಂ ಕಂಪನಿಗಳು ಪಟ್ಟು ಹಿಡಿದಿವೆ. ಅದೇ ಡೇಟಾಗೆ ಗ್ರಾಹಕ ಆಗಲೇ ದುಡ್ಡು ಕೊಟ್ಟಾಗಿದೆ. ಇನ್ನು ಹಣ ಕೊಟ್ಟ ತಾಣಗಳನ್ನೂ ಕೊಡದ ತಾಣಗಳನ್ನೂ ಕಂಪನಿ ಒಂದೇ ಸಮ ನೋಡುತ್ತದೆ ಎಂದು ನಂಬುವುದು ಕಷ್ಟ.

ಟ್ರಾಯ್‌ನ ಮೈಸ್ಪೀಡ್ ಆ್ಯಪ್ ಒಟ್ಟು ವೇಗ ಅಳೆಯುತ್ತದೆ. ತಾಣವಾರು ವೇಗವನ್ನೂ ಅಳೆದು ಪ್ರಕಟಿಸಬೇಕು. ಯಾವಾಗ, ಯಾವುದನ್ನು, ಯಾಕೆ ನಿಧಾನಿಸಿದೆವು ಎಂದು ಕಂಪನಿಗಳು ತಿಂಗಳಿಗೊಮ್ಮೆ ಹೇಳಬೇಕು, ಬೆಂಗಳೂರಿನ ಗ್ರಾಹಕರಿಗೆ ಕನ್ನಡದಲ್ಲೇ.