ಸೀಸದ ತಕ್ಕಡಿ ಮತ್ತು ಹಿಂಸಾದಾನ

‘ಲೋಹಕ್ಕೆ ಪಾಪವಿಲ್ಲ, ಮಾರಿದವನಿಗೂ ಇಲ್ಲ, ಪಾಪವೆಲ್ಲ ಬಳಸಿದವನದು’ ಎಂಬ ಮಾತು ಪೇಟೆಗಳಲ್ಲಿ ನಾಣ್ಣುಡಿಯಂತೆ ಸಲ್ಲುತ್ತಿದೆ. ಕಬ್ಬಿಣದ ವ್ಯಾಪಾರಿ ಈ ಮಾತನ್ನಾಡಿದರೆ ಅದರಲ್ಲಿ ಕೊಂಚ ಹುರುಳುಂಟು. ಅವನು ಮಾರಿದ ಸಲಾಕೆ ಕಿಟಕಿಯೂ ಆಗಬಹುದು, ಕುಂಟೆಯ ಕುಡವೂ ಆಗಬಹುದು. ಆದರೆ ಗುಜರಿಯ ಸೀಸವನ್ನು ಗಟ್ಟಿ, ಮೆದು ಎಂದು ಬೇರ್ಪಡಿಸಿ, ಪಿಸ್ತೂಲಿಗೆ ಗುಂಡು ಎರೆಯುವವನೆಂದು ತಿಳಿದೂ ತೂಗಿ ಕೊಡುವವನು ಇದೇ ಮಾತಿನ ಮರೆಯಲ್ಲಿ ನಿಂತರೆ ಶ್ರಾವಕಧರ್ಮವು ಅದನ್ನು ಒಪ್ಪಲಾರದು.

ಈ ವಿಷಯ ದೇವರ ಹಿಪ್ಪರಗಿ, ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸಮಾಜಬಾಂಧವರಿಗೆ ದೂರದ್ದಲ್ಲ. ವಿಜಯಪುರ ಜಿಲ್ಲೆಯಲ್ಲಿ ಪರವಾನಗಿಯಿಲ್ಲದ ನಾಡಪಿಸ್ತೂಲುಗಳನ್ನು ಪೊಲೀಸರು ಹಿಡಿದ ಸುದ್ದಿ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ‘ಭೀಮಾ ತೀರ’ ಎಂದೊಡನೆ ಹೊರಗಿನವರಿಗೆ ನದಿಯಾಗಲಿ ಜೋಳದ ಹೊಲವಾಗಲಿ ನೆನಪಾಗದೆ ಪಿಸ್ತೂಲು ನೆನಪಾಗುವಂತಾಗಿದೆ. ಗುಜರಿ ಅಂಗಡಿಯಂತೂ ಪ್ರತಿ ಪೇಟೆಯಲ್ಲೂ ಇದೆ; ಹಳೆಯ ಬ್ಯಾಟರಿಯ ತಗಡು, ಕೊಳವೆ, ಕೇಬಲ್ಲಿನ ಹೊದಿಕೆ, ಮೋಟಾರು ಗಾಲಿಯ ತೂಕದ ಚೂರುಗಳ ರೂಪದಲ್ಲಿ ಸೀಸವು ಅಲ್ಲಿಗೆ ಬಂದು ಬೀಳುತ್ತದೆ.

ಶುದ್ಧ ಸೀಸ ಬಲು ಮೆದು. ಉಗುರಿನಿಂದ ಗೀರಿದರೂ ಗೆರೆ ಬೀಳುತ್ತದೆ. ಆಂಟಿಮನಿ ಬೆರೆತರೆ ಅದು ಗಡುಸಾಗುತ್ತದೆ. ತವರ ಬೆರೆತರೆ ಅಚ್ಚಿನೊಳಗೆ ಸಲೀಸಾಗಿ ಹರಿಯುತ್ತದೆ. ಈ ಮೂರೂ ಕೂಡಿದ ಲೋಹವನ್ನು ಮನುಷ್ಯನು ಶತಮಾನಗಳ ಕಾಲ ಬಹು ಒಳ್ಳೆಯ ಕಾರ್ಯಕ್ಕೆ ಬಳಸಿದನು. ಮುದ್ರಣಾಲಯಗಳ ಅಚ್ಚುಮೊಳೆಗಳು ಈ ಮಿಶ್ರಣದವೇ. ಆಫ್‌ಸೆಟ್ ಮುದ್ರಣ ಬಂದ ಮೇಲೆ ಆ ಮೊಳೆಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಗುಂಡು ಎರೆಯುವವರು ಅರಸುವ ಗಡಸು ಸೀಸವೂ ಇದೇ. ಶಾಸ್ತ್ರಗ್ರಂಥಗಳನ್ನು ಅಚ್ಚುಮಾಡಿದ ಲೋಹವೇ ಜೀವ ತೆಗೆಯುವ ಲೋಹವೂ ಆಗಬಲ್ಲದು. ಲೋಹ ಒಂದೇ, ಬೆರೆಸುವವನ ಭಾವ ಬೇರೆ. ಧರ್ಮವಿಚಾರವೆಲ್ಲ ಈ ಭಾವದಲ್ಲಿ ಅಡಗಿದೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಆಸ್ರವದ ಆಧಾರಗಳನ್ನು ಲೆಕ್ಕಿಗನ ಖಾತೆಯಷ್ಟೇ ಖಚಿತವಾಗಿ ವಿಂಗಡಿಸಿದೆ. ಸಂರಂಭವೆಂದರೆ ಹಿಂಸೆಯ ಸಂಕಲ್ಪ, ಸಮಾರಂಭವೆಂದರೆ ಅದರ ಸಾಧನಗಳನ್ನು ಕೂಡಿಸುವುದು, ಆರಂಭವೆಂದರೆ ಕೃತ್ಯಕ್ಕೆ ತೊಡಗುವುದು. ಈ ಮೂರನ್ನು ಮನ, ವಚನ, ಕಾಯಗಳೆಂಬ ಮೂರು ಯೋಗಗಳಿಂದಲೂ, ಕೃತ, ಕಾರಿತ, ಅನುಮತಗಳೆಂಬ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಭೇದಗಳಾಗುತ್ತವೆ. ಗುಂಡು ಹಾರುವುದು ಮೂರನೆಯ ಮೆಟ್ಟಿಲಿನಲ್ಲಿ. ಗುಂಡಿಗಾಗಿ ಸೀಸ ಕೂಡಿಸುವುದು ಎರಡನೆಯದರಲ್ಲಿ. ಕರ್ಮದ ಬಾಗಿಲು ಆಗಲೇ ತೆರೆದಿರುತ್ತದೆ. ಮುಂದಿನ ಸೂತ್ರವು ಅಜೀವಾಧಿಕರಣಗಳನ್ನು ಹೇಳುವಾಗ ನಿರ್ವರ್ತನೆ, ನಿಕ್ಷೇಪಗಳೊಡನೆ ‘ಸಂಯೋಗ’ವನ್ನೂ, ಅಂದರೆ ಒಂದರೊಡನೊಂದನ್ನು ಕೂಡಿಸುವುದನ್ನೂ ಎಣಿಸುತ್ತದೆ. ಬೆರಕೆಯಲ್ಲಿ ಏನು ದೋಷವೆಂದು ಕೇಳುವವರು ಈ ಒಂದು ಪದವನ್ನು ಮನನ ಮಾಡಲಿ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯೆಂದಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಕೊಲೆಗೆ ಒದಗುವ ಆಯುಧ, ವಿಷ, ಬೆಂಕಿ ಮುಂತಾದವನ್ನು ಪರರ ಕೈಗೆ ಕೊಡುವುದು ಹಿಂಸಾದಾನ. ‘ದಾನ ಕೊಡಲಿಲ್ಲ, ಹಣ ಪಡೆದೇ ಕೊಟ್ಟೆವು’ ಎಂಬುದು ಸಮಾಧಾನವಲ್ಲ; ಪುಕ್ಕಟೆ ಕೊಟ್ಟವನಿಗೆ ಅಜ್ಞಾನವಿದ್ದೀತು, ಬೆಲೆ ಕಟ್ಟಿ ಕೊಟ್ಟವನಿಗೆ ಲೋಭವೂ ಸೇರುತ್ತದೆ. ಎಷ್ಟು ಬೆರೆಸಿದರೆ ಎಷ್ಟು ಗಡುಸೆಂದು ಗಿರಾಕಿಗೆ ಹೇಳಿಕೊಡುವುದು ಪಾಪೋಪದೇಶ. ಹಂತಕರ ಕಥೆಗಳನ್ನು ಶೌರ್ಯದ ಕಥೆಗಳೆಂದು ಎಳೆಯರು ರುಚಿನೋಡಿ ಕೇಳುವುದು ದುಃಶ್ರುತಿ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಹದಿನೈದು ಕರ್ಮಾದಾನಗಳಲ್ಲಿ ವಿಷವಾಣಿಜ್ಯದೊಳಗೇ ಆಯುಧದ ವ್ಯಾಪಾರವನ್ನು ಸೇರಿಸಿದೆ. ದಿಗಂಬರ, ಶ್ವೇತಾಂಬರ ಎರಡೂ ಪರಂಪರೆಗಳು ಇಲ್ಲಿ ಏಕಕಂಠದಿಂದಿವೆ.

ಕೆಲವರು ವಿರೋಧೀ ಹಿಂಸೆಯ ಮಾತೆತ್ತುವರು. ಚಾವುಂಡರಾಯನು ಸೇನಾನಿಯಾಗಿರಲಿಲ್ಲವೇ, ಗಂಗರಾಜನು ಖಡ್ಗ ಹಿಡಿಯಲಿಲ್ಲವೇ ಎಂದು ಕೇಳುವರು. ನಿಜ, ಹಿಡಿದರು, ರಾಜ್ಯದ ರಕ್ಷಣೆಯ ಹೊಣೆ ಹೊತ್ತು, ಎಲ್ಲರೆದುರು ಹಿಡಿದರು. ರಾತ್ರಿ ಹಿತ್ತಲಲ್ಲಿ ಒಲೆ ಹೂಡಿ ಹೆಸರಿಲ್ಲದ ಪಿಸ್ತೂಲಿಗೆ ಗುಂಡು ಎರೆಯುವವನಿಗೂ ಅವರಿಗೂ ಏನು ಹೋಲಿಕೆ? ಪ್ರಾಣಭಯವುಳ್ಳ ಗೃಹಸ್ಥನಿಗೆ ಪರವಾನಗಿಯ ದಾರಿ ಇದೆ. ಮುಚ್ಚಿಟ್ಟ ಆಯುಧವು ಭಯವನ್ನು ಕಳೆಯುವುದಿಲ್ಲ, ನೆರೆಯವನಿಗೂ ಹಂಚುತ್ತದೆ.

ಇನ್ನು ಕೆಲವರು ಅಮೆರಿಕದಲ್ಲಿ ಮನೆಯಲ್ಲೇ ಗುಂಡು ಎರೆಯುವುದು ಒಂದು ಹವ್ಯಾಸವೆನ್ನುವರು. ಹವ್ಯಾಸವೆಂದ ಮಾತ್ರಕ್ಕೆ ಹಿಂಸೋಪಕರಣವು ಆಟಿಕೆಯಾಗದು. ಪ್ರಯೋಜನವಿಲ್ಲದ ಹಿಂಸೆಗೇ ಅನರ್ಥದಂಡವೆಂದು ಹೆಸರು. ಅದೇ ದೇಶದ ಕ್ಯಾಲಿಫೋರ್ನಿಯಾದಲ್ಲಿ, ಬೇಟೆಯ ಕಳೇಬರದಲ್ಲುಳಿದ ಸೀಸವನ್ನು ನುಂಗಿ ಕಾಂಡೋರ್ ಎಂಬ ದೊಡ್ಡ ರಣಹದ್ದುಗಳು ಸಾಯುತ್ತಿದ್ದುದರಿಂದ, 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಲಾಯಿತು. ಒಂದು ಜೀವ ತೆಗೆದ ಮೇಲೂ ಆ ಗುಂಡಿನ ಕೊಲೆ ಮುಗಿಯುವುದಿಲ್ಲ. ಎರೆಯುವ ಮನೆಯಲ್ಲೂ ಹಾಗೆಯೇ: ಸೀಸದ ಹೊಗೆ, ಧೂಳು ಮೊದಲು ಸೇರುವುದು ಆ ಮನೆಯ ಮಕ್ಕಳ ಒಡಲನ್ನು. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಬಾಧೆಯಿಲ್ಲ ಎಂಬ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಭಾರತದ ಕಾನೂನಾದರೂ ಸುಮ್ಮನಿಲ್ಲ. 1959ರ ಆಯುಧ ಅಧಿನಿಯಮವು ಮದ್ದುಗುಂಡಿನ ಬಿಡಿಭಾಗಗಳನ್ನೂ ಮದ್ದುಗುಂಡೆಂದೇ ಎಣಿಸುತ್ತದೆ. 2019ರ ತಿದ್ದುಪಡಿಯ ತರುವಾಯ ಪರವಾನಗಿಯಿಲ್ಲದ ತಯಾರಿಕೆ, ಮಾರಾಟಗಳಿಗೆ 7 ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗಿನ ಶಿಕ್ಷೆಯುಂಟು. ಆದರೆ ಶಿಕ್ಷೆಯ ಅಂಜಿಕೆಯಿಂದ ಬಿಡುವುದು ಬೇರೆ, ವ್ರತವೆಂದು ಬಿಡುವುದು ಬೇರೆ.

ನಾಡಪಿಸ್ತೂಲು ಏನನ್ನು ಕೊಲ್ಲುತ್ತದೆಂಬುದನ್ನು ಈ ಸೀಮೆ ಮರೆಯಬಾರದು. ದೇವರ ಹಿಪ್ಪರಗಿಯು ಮಡಿವಾಳ ಮಾಚಿದೇವರ ಊರು. ಕಲ್ಯಾಣದ ಕೋಲಾಹಲದಲ್ಲಿ ವಚನದ ಕಟ್ಟುಗಳನ್ನು ಕಾದು ಉಳಿಸಿದರೆಂದು ಪರಂಪರೆ ಅವರನ್ನು ನೆನೆಯುತ್ತದೆ. ಅದೇ ಸಿಂದಗಿ ಸೀಮೆಯಲ್ಲಿ ಹುಟ್ಟಿದ ಡಾ. ಎಂ. ಎಂ. ಕಲಬುರ್ಗಿಯವರು ವಚನಗಳನ್ನೂ ಶಾಸನಗಳನ್ನೂ ಶೋಧಿಸಿದರು. ಜಿನಭಕ್ತ ಅಮೋಘವರ್ಷ ನೃಪತುಂಗನ ಆಸ್ಥಾನದ ಕವಿರಾಜಮಾರ್ಗವನ್ನು ಕುರಿತು ಮಹಾಪ್ರಬಂಧ ಬರೆದರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಬಳಸಿದ್ದು 7.65 ಮಿ.ಮೀ.ನ ನಾಡಪಿಸ್ತೂಲೆಂದು ವಿಧಿವಿಜ್ಞಾನ ಪರೀಕ್ಷೆ ತಿಳಿಸಿತು. ಅಲ್ಲಿ ಹಾರಿದ ಗುಂಡು ಗುಜರಿ ಸೀಸದ್ದೆಂದು ಇಲ್ಲಿ ವಾದವಿಲ್ಲ. ಆದರೆ ಅಂಥ ಪಿಸ್ತೂಲು ಎಲ್ಲೋ ಒಂದು ಕುಲುಮೆಯಲ್ಲಿ ಹುಟ್ಟುತ್ತದೆ. ಅದಕ್ಕೆ ಲೋಹವನ್ನು ಯಾರೋ ಒಬ್ಬರು ತೂಗಿ ಕೊಟ್ಟಿರುತ್ತಾರೆ. ಅವರೂ ‘ಲೋಹಕ್ಕೆ ಪಾಪವಿಲ್ಲ’ ಎಂದೇ ಹೇಳಿಕೊಂಡಿರಬಹುದು.

ಆದುದರಿಂದ ಲೋಹದ ವ್ಯಾಪಾರದಲ್ಲಿರುವ ಶ್ರಾವಕರು ಅನರ್ಥದಂಡವಿರತಿಯನ್ನು ಬಸದಿಯಲ್ಲಿ ಉಚ್ಚರಿಸಿದರೆ ಸಾಲದು, ಅಂಗಡಿಯ ವಹಿಯಲ್ಲಿಯೂ ಬರೆಯಬೇಕು. ಹಳೆಯ ಬ್ಯಾಟರಿ ಮತ್ತು ಸೀಸವನ್ನು ನೋಂದಾಯಿತ ಮರುಬಳಕೆದಾರರಿಗಷ್ಟೇ ಕೊಡುವುದು. ಕಾರಣ ಹೇಳದೆ ಗಡಸು ಸೀಸವನ್ನು ಬೇಡುವವನನ್ನು ಬರಿಗೈಯಲ್ಲಿ ಕಳುಹುವುದು. ಉಳಿದಿರುವ ಅಚ್ಚುಮೊಳೆಗಳನ್ನು ಕರಗಲು ಬಿಡದೆ ಕಾಯ್ದಿಡುವುದು. ಇದರಿಂದ ವ್ಯಾಪಾರ ಕುಂದೀತೆಂಬ ಚಿಂತೆ ಬೇಡ. ಕೆಲವು ಕಿಲೋ ಸೀಸದ ಲಾಭ ಬಿಟ್ಟರೆ ಯಾವ ಅಂಗಡಿಯೂ ಮುಳುಗದು. ಬಿಡದಿದ್ದರೆ ತಕ್ಕಡಿಯ ಒಂದು ತಟ್ಟೆಯಲ್ಲಿ ಸೀಸವಿರುತ್ತದೆ, ಇನ್ನೊಂದರಲ್ಲಿ ಗುರುತಿಲ್ಲದ ಯಾವುದೋ ಜೀವವಿರುತ್ತದೆ. ಹಿಡಿದ ಕೈ ಮಾತ್ರ ವ್ಯಾಪಾರಿಯದೇ.